ಬ್ಯಾಡಗಿಗೆ ಪರವಾನಗಿ

ಹಾಜಿರಾಬಿ ಕರಾಚಿಯಿಂದ ರಾಣೆಬೆನ್ನೂರಿಗೆ ಯೂಸುಫಸಾಬನ ಹೆಂಡತಿಯಾಗಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟೂ ವರ್ಷ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿದ್ದಳು. ಬ್ಯಾಡಗಿಯನ್ನು ಮಾತ್ರ ನೋಡಿರಲಿಲ್ಲ. ಪಾಕಿಸ್ತಾನದ ಪಾಸ್‌ಪೋರ್ಟಿನ ಆಕೆಯನ್ನು ಘನ ಸರಕಾರ ರಾಣೆಬೆನ್ನೂರಿನ ಮಟ್ಟಿಗಷ್ಟೇ ನಂಬಿತ್ತು. ಊರು ದಾಟಿದರೆ ಈ ಮೊಣಕಾಲು ನೋವಿನ ಹೆಂಗಸು ದೇಶಕ್ಕೆ ಏನು ಮಾಡಿಬಿಡುವಳೋ ಎಂದು ಅದಕ್ಕೆ ಚಿಂತೆ.

ಈಗ ಬ್ಯಾಡಗಿಯಲ್ಲಿದ್ದ ಮಗಳು ಮುಮ್ತಾಜಬಿಗೆ ದಿನ ತುಂಬಿತ್ತು. ಬಸ್ಸು ಹತ್ತಬಾರದೆಂದು ಡಾಕ್ಟರು ಹೇಳಿದ್ದರು. ಮಗಳು ತವರಿಗೆ ಬರುವಂತಿಲ್ಲ; ತಾಯಿ ಹೋಗಬೇಕಾದರೆ ಹಾವೇರಿ ಕಚೇರಿಯ ಪರವಾನಗಿ ಬೇಕು. ಅದನ್ನು ಕೇಳಲು ಆ ಕಚೇರಿಯವರೆಗೆ ಹೋಗುವುದಕ್ಕೆ ಮಾತ್ರ ಪರವಾನಗಿ ಬೇಡ.

"ನಾ ಈ ನೆಲದಾಗ ಹುಟ್ಟಿದವ. ಒಂದು ಮಾತು ಹೇಳಿದ್ರ ಮುಗೀತು," ಎಂದ ಯೂಸುಫಸಾಬ. (ಪ್ರತಿ ಜಗಳದಲ್ಲೂ ಈ ನೆಲ ಬರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ ತಪ್ಪು ಕರಾಚಿಯದೇ.)

"ಕಾಗದ ತಗೊಳ್ರಿ."

"ಕಾಗದ ನಿನ್ನಂಥವರಿಗೆ. ನನಗ್ಯಾಕ?"

ಹಾಜಿರಾಬಿ ತನ್ನ ತಗಡಿನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡಳು.

ಕಚೇರಿಯ ಗುಮಾಸ್ತ ಮಾಲತೇಶಪ್ಪ ಅರ್ಜಿಯಿಂದ ತಲೆ ಎತ್ತಲಿಲ್ಲ. "ಜಾಮೀನು ಯಾರು?"

"ನಾನ ರೀ."

"ನೀವು ಈ ದೇಶದವರು ಅನ್ನಾಕ ಏನೈತಿ ಸಾಬ್ರ?"

ಯೂಸುಫಸಾಬ ನಕ್ಕ. "ಕುಪ್ಪೇಲೂರಾಗ ಹುಟ್ಟೇನ್ರಿ. ನಮ್ಮಪ್ಪ, ಮುತ್ಯಾ ಎಲ್ಲಾರೂ ಅಲ್ಲೇ ಮಣ್ಣಾಗ್ಯಾರ."

"ಅವರನ್ನ ಸಾಕ್ಷಿಗೆ ಕರಿಯಾಕ ಬರೂದಿಲ್ಲ. ಕಾಗದ ಐತೇನು?"

ಕಿಸೆಯಿಂದ ರೇಶನ್ ಕಾರ್ಡು ಬಂತು. "ಇದು ಸಕ್ಕರಿಗೆ ನಡೀತದ, ದೇಶಕ್ಕ ನಡಿಯೂದಿಲ್ಲ," ಎಂದ ಮಾಲತೇಶಪ್ಪ. ಶಾಲೆಯ ದಾಖಲೆ ಕೇಳಿದ. ಯೂಸುಫಸಾಬ ಶಾಲೆಯಲ್ಲಿ ದಾಖಲೆಯಾಗುವಷ್ಟು ದಿನ ನಿಂತಿರಲಿಲ್ಲ. ಮತದಾರರ ಚೀಟಿ ಕೇಳಿದ.

"ಫೋಟೋ ತೆಗಿಯಾಕ ಮನೀಗೇ ಬಂದಿದ್ರು ಸಾಹೇಬ್ರ," ಎಂದಳು ಹಾಜಿರಾಬಿ. "ಇವರ, ನನ್ನ ಗುರುತು ಇಲ್ಲದವರು ಈ ಊರಾಗ ಯಾರದಾರ ಅಂತ ಹೊಳ್ಳಿ ಕಳಿಸಿದ್ರು."

"ಜಾಮೀನಿಲ್ಲಂದ್ರ ಪರವಾನಗಿ ಇಲ್ಲ."

ಯೂಸುಫಸಾಬ ರೇಶನ್ ಕಾರ್ಡನ್ನು ಕಿಸೆಗೆ ತುರುಕಿದ. ಅಲ್ಲಿ ಮಗಳು ದಾರಿ ಕಾಯುತ್ತಿದ್ದಾಳೆ.

ಹಾಜಿರಾಬಿ ಪೆಟ್ಟಿಗೆ ತೆರೆದಳು. ಇಲ್ಲಿರಲು ಸರಕಾರ ವರ್ಷಕ್ಕೊಂದರಂತೆ ಕೊಟ್ಟ ಇಪ್ಪತ್ತೆರಡು ವಾಸದ ಪತ್ರಗಳು, ದಾರ ಕಟ್ಟಿ ಜೋಡಿಸಿದ್ದವು. ಪ್ರತಿಯೊಂದರಲ್ಲೂ ಮುದ್ರೆಯ ಪಕ್ಕದಲ್ಲಿ: ಗಂಡ ಯೂಸುಫಸಾಬ, ಭಾರತೀಯ. ಮಾಲತೇಶಪ್ಪ ಒಂದೊಂದನ್ನೂ ಓದಿ, ತಪ್ಪು ಸಿಗದ ಬೇಸರದಲ್ಲಿ, "ಸರಕಾರಿ ಮುದ್ರಿ ಐತಿ, ನಡೀತದ," ಎಂದ. ಯೂಸುಫಸಾಬ ಈ ನೆಲದವನೆಂಬುದಕ್ಕೆ ಸರಕಾರದ ಬಳಿ ಇದ್ದ ಒಂದೇ ಸಾಕ್ಷಿ, ಅದೇ ಸರಕಾರ ಒಂದು ದಿನವೂ ಪೂರಾ ನಂಬದ ಹೆಂಗಸಿನ ಪೆಟ್ಟಿಗೆಯಲ್ಲಿತ್ತು.

ಏಳು ದಿನದ ಪರವಾನಗಿ ಸಿಕ್ಕಿತು. ಇಳಿದ ಕೂಡಲೇ ಮೊದಲು ಪೊಲೀಸ್ ಠಾಣೆ, ಆಮೇಲೆ ಮಗಳು ಎಂಬ ಅಪ್ಪಣೆಯೊಂದಿಗೆ.

ಬ್ಯಾಡಗಿ ಠಾಣೆಯಲ್ಲಿ ಮೆಣಸಿನ ಘಾಟಿಗೆ ಸೀನುತ್ತ ಹಾಜಿರಾಬಿಯ ಹೆಸರು ಬರೆದುಕೊಂಡ ಪೇದೆ ಮೈಲಪ್ಪ, ಯೂಸುಫಸಾಬನತ್ತ ಪೆನ್ನು ತೋರಿಸಿದ. "ಇವರ್ಯಾರು?"

ಯೂಸುಫಸಾಬ ಎದೆ ಉಬ್ಬಿಸಿ ಬಾಯಿ ತೆರೆದ. ಈ ನೆಲದ ಮಾತು ಬರಲಿಲ್ಲ. ಹೆಂಡತಿಯ ಮುಖ ನೋಡಿದ.

"ನನ್ನ ಜೋಡಿ ಬಂದಾರ್ರಿ," ಎಂದಳು ಹಾಜಿರಾಬಿ, ಪೆಟ್ಟಿಗೆಯ ಮೇಲೆ ಕೈಯಿಟ್ಟು. "ಅವರ ಕಾಗದ ನನ್ನ ಕಡೆ ಐತಿ."