ಕುಬಸಕ್ಕೊಂದು ಉದ್ದನೆಯ ಲೂಪು

ಒಂದೇ ಹಾಡನ್ನು ಮತ್ತೆ ಮತ್ತೆ ಕೇಳಿದರೆ ಎಂಥವರಿಗೂ ತಲೆ ಕೆಡುತ್ತದೆ. ಕಟ್ಟಿದವರಿಗೆ ಮಾತ್ರ ಕೆಡುವುದಿಲ್ಲ. ಇದು ನನ್ನ ಸ್ವಂತ ಅನುಭವ. ಮಗನಿಗೆಂದು ಕೊಂಡ ಗೇಮ್ ಡಬ್ಬಿ, ಅವನಿಗೆ ಬೇಸರವಾದ ಮೇಲೆ, ಕಪಾಟಿನಲ್ಲಿ ಬಿದ್ದಿತ್ತು. ಅಂಗೈಯಷ್ಟಗಲದ ಆ ಡಬ್ಬಿಯಲ್ಲಿ ಆಟದ ಜೊತೆಗೆ ಹಾಡು ಕಟ್ಟುವ ಸಾಫ್ಟ್‌ವೇರೂ ಇದೆಯೆಂದು ತಿಳಿದ ದಿನವೇ ನಾನು ಕೆಟ್ಟೆ. ವಿಜಯಪುರದ ಇಬ್ರಾಹಿಂಪುರದಿಂದ ತಿಕೋಟಾದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗಣಿತದ ಟೀಚರು ನಾನು. ಉಳಿದ ಟೀಚರುಗಳು ಬಸ್ಸಿನಲ್ಲಿ ಮೆಂತ್ಯಸೊಪ್ಪು ಸೋಸುತ್ತಾರೆ. ನಾನು ಸ್ವರ ಸೋಸತೊಡಗಿದೆ.

ಪರದೆಯ ಮೇಲೆ ಹದಿನಾರು ಮನೆಗಳ ಒಂದು ಸಾಲು. ಮನೆಗೊಂದು ಸ್ವರ ಕೂರಿಸಿದರೆ ಡಬ್ಬಿ ಅದನ್ನು ಕೊನೆಯತನಕ ನುಡಿಸಿ ಮತ್ತೆ ಮೊದಲಿಗೆ ಬರುತ್ತದೆ. ಅದೇ ಲೂಪು. ತೊಂದರೆಯೆಂದರೆ, ಉಸಿರು ಎಳೆದು ಬಿಡುವಷ್ಟರಲ್ಲಿ ಸಾಲು ಮುಗಿದೇ ಹೋಗುತ್ತದೆ. ಒಂದು ವಾರ ಸಹಿಸಿಕೊಂಡ ಯಜಮಾನರು ಕೊನೆಗೆ ಕೈಮುಗಿದರು. “ಲೇ, ನಿನ್ನ ಡಬ್ಬಿ ಒಂದ ಮಾತ ಹಿಡಕೊಂಡು ಕುಂತೈತಲ್ಲ, ನಿಮ್ಮವ್ವನಂಗ! ಅದಕ್ಕ ಬ್ಯಾರೆ ಏನೂ ಬರೂದಿಲ್ಲೇನು?” ಅವ್ವನ ಸುದ್ದಿ ಎತ್ತಿದ್ದಕ್ಕೆ ಸಿಟ್ಟು ನೆತ್ತಿಗೇರಿತು. ಆದರೆ ಹಾಡಿನ ಬಗ್ಗೆ ಅವರು ಹೇಳಿದ್ದು ಖರೇ ಇತ್ತು.

ಅಷ್ಟರಲ್ಲಿ ಬಬಲೇಶ್ವರದಲ್ಲಿ ನಮ್ಮಣ್ಣನ ಮಗಳು ಸುಮಾಳ ಕುಬಸ ಬಂತು. ಬಸುರಿಯನ್ನು ಕೂರಿಸಿ, ಉಡಿ ತುಂಬಿ, ಸೋಬಾನ ಹಾಡುತ್ತ ಆರತಿ ಬೆಳಗುವ ಕಾರ್ಯ. “ಈ ಸಲ ಆರತಿಗೆ ನಂದ ಹಾಡು” ಎಂದು ನಾನು ಬಂಧುಬಳಗಕ್ಕೆಲ್ಲ ಫೋನಿನಲ್ಲಿ ಡಂಗುರ ಸಾರಿಬಿಟ್ಟೆ. ಸೋಬಾನದ ಹಿರಿಯಳಾದ ಗಂಗವ್ವ ದೊಡ್ಡವ್ವ, “ಆಗಲೇಳವ್ವ, ನಮ್ಮ ಗಂಟಲಾ ಒಂದೀಟು ಆರಲಿ” ಎಂದು ಒಪ್ಪಿಕೊಂಡಳು. ಅವಳೆದುರು ಇಷ್ಟು ಗಿಡ್ಡ ಹಾಡು ಹಚ್ಚಿದರೆ ನನ್ನ ಮರ್ಯಾದೆ ಮೂರಾಬಟ್ಟೆ!

ದಾರಿ ತೋರಿಸಿದ್ದು ಕುಕ್ಕರು. ನಮ್ಮ ಕುಕ್ಕರೂ ಪಕ್ಕದ ಮನೆ ಶಮೀಮಳ ಕುಕ್ಕರೂ ಬೇರೆ ಬೇರೆ ಹೊತ್ತಿಗೆ ಸೀಟಿ ಹೊಡೆಯುತ್ತವೆ. ಎರಡೂ ಒಟ್ಟಿಗೆ ಕೂಗುವುದು ಅಪರೂಪ. ಅದೇ ಲೆಕ್ಕ ಹಿಡಿದೆ. ರಾಗದ ಸಾಲಿಗೆ ಹದಿನಾರು ಮನೆ, ತಾಳದ ಸಾಲಿಗೆ ಹದಿನೈದು. ಎರಡೂ ಮತ್ತೆ ಕೂಡಿ ಹೊರಡುವಷ್ಟರಲ್ಲಿ ಎಷ್ಟೋ ಸುತ್ತು ಆಗಿರುತ್ತದೆ, ಅಲ್ಲಿಯವರೆಗೆ ಕೇಳುವವರಿಗೆ ಎಲ್ಲಾ ಹೊಸದೇ. ಮಕ್ಕಳಿಗೆ ಬೆತ್ತ ತೋರಿಸಿ ಕಲಿಸಿದ ಲ.ಸಾ.ಅ. ನನ್ನ ಸ್ವಂತ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಸಾಲದ್ದಕ್ಕೆ ರಾಗದ ಸಾಲನ್ನು ನಕಲು ಮಾಡಿ, ಪ್ರತಿಯೊಂದರ ಬಾಲ ಒಂಚೂರು ತಿರುವಿ, ಒಂದರ ಹಿಂದೊಂದು ಪೋಣಿಸಿದೆ. ಹಿಗ್ಗೋ ಹಿಗ್ಗು.

ಕುಬಸದ ದಿನ ಡಬ್ಬಿಗೆ ಸ್ಪೀಕರ್ ಸಿಕ್ಕಿಸಿ ಹಚ್ಚಿದೆ. ಮುತ್ತೈದೆಯರು ಆರತಿ ಎತ್ತಿದರು. ಹಾಡು ಸಾಗಿತು, ಸಾಗುತ್ತಲೇ ಇತ್ತು. ಯಾರೂ ಪಿಟ್ಟೆನ್ನಲಿಲ್ಲ. ಆಹಾ, ಮೈಮರೆತಿದ್ದಾರೆ ಎಂದುಕೊಂಡೆ. ಆರತಿ ಹಿಡಿದ ಕೈಗಳು ನಡುಗುತ್ತಿದ್ದವು, ಅದೂ ಭಾವಾವೇಶವೆಂದೇ ತಿಳಿದೆ. ಸುಮಾ ಸೊಂಟ ಹಿಡಿದುಕೊಂಡು ನನ್ನನ್ನೇ ದಿಟ್ಟಿಸುತ್ತಿದ್ದಳು. ನಾನು ಅವಳಿಗೆ ನಕ್ಕು ತೋರಿಸಿದೆ.

ಕೊನೆಗೆ ದೊಡ್ಡವ್ವ ನನ್ನ ಸೆರಗು ಜಗ್ಗಿದಳು. “ಯವ್ವಾ, ಇದರಾಗ ಮಂಗಳ ಎಲ್ಲಿ ಬರತೈತಿ?”

“ಮುಗಿಯೂದ ಇಲ್ಲ ದೊಡ್ಡವ್ವ!” ಎಂದೆ ಹೆಮ್ಮೆಯಿಂದ.

“ಅಯ್ಯ ನನ್ನ ಶಿವನ! ಹಾಡ ಮುಗಿಲಾರದ ಆರತಿ ಇಳಸಾಂಗಿಲ್ಲ, ಆರತಿ ಇಳಿಲಾರದ ಹುಡುಗಿ ಏಳಾಂಗಿಲ್ಲ. ಹಡೆಯೂತನಾ ಹಿಂಗ ಕುಂದರಸ್ತಿ ಏನ?”

ಹುಟ್ಟಿದಾಗಿನಿಂದ ಕಂಡ ಪದ್ಧತಿ, ಉದ್ದ ಮಾಡುವ ಉಮೇದಿಯಲ್ಲಿ ಮರೆತೇ ಹೋಗಿತ್ತು. ನಡುವೆ ಗುಂಡಿ ಒತ್ತಿ ನಿಲ್ಲಿಸುವುದೂ ಅಪಶಕುನ. ಆದರೆ ದೊಡ್ಡವ್ವ ನನ್ನ ತಾಳಕ್ಕೇ ತಲೆಯಾಡಿಸಿ, ಸರಿಯಾದ ಜಾಗ ನೋಡಿ ಮಂಗಳ ಎತ್ತಿಕೊಂಡಳು. ಹೆಂಗಸರೆಲ್ಲ ದನಿಗೂಡಿಸಿದರು. ಆರತಿ ಇಳಿಯಿತು, ಸುಮಾ “ಉಸ್ಸಪ್ಪಾ” ಎಂದು ಎದ್ದಳು. ಖರೇ ಹೇಳಬೇಕೆಂದರೆ, ಆ ಮಂಗಳದ ಕೆಳಗೆ ನನ್ನ ಲೂಪು ಬಹಳ ಚೆಂದ ಕೇಳಿಸುತ್ತಿತ್ತು.

ಅಂದಿನಿಂದ ಬಂದವರಿಗೆಲ್ಲ ಈ ಕಥೆ ಹೇಳುತ್ತಿದ್ದೇನೆ, ಪ್ರತಿ ಸಲ ಬಾಲ ಮಾತ್ರ ಒಂಚೂರು ತಿರುವಿ. ಮೊನ್ನೆ ಶಮೀಮಳಿಗೆ ಹೇಳುತ್ತಿದ್ದಾಗ ಯಜಮಾನರು ಖಾಲಿ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ಏನ್ರಿ?” ಎಂದೆ.

“ಏನಿಲ್ಲ, ನಿಂದು ನಡೀಲಿ. ಮಂಗಳ ಯಾವಾಗ ಬರತೈತಿ ಅಂತ ಕಾಯಾಕತ್ತೇನಿ” ಎಂದರು.