ಮಿಲಿಮೀಟರ್ ತರಂಗವೂ ನನ್ನ ಉಡಿದಾರವೂ

ಇತರರ ಹೆದರಿಕೆ ಬಿಡಿಸುವುದು ಬಹಳ ಸುಲಭ; ನಮ್ಮದನ್ನು ಮಾತ್ರ ಎಲ್ಲಾದರೂ ಅಡಗಿಸಿಡಬೇಕಾಗುತ್ತದೆ. ಮಂಗಲ್ಪಾಡಿಯ ಶಾಲೆಯೊಂದರಲ್ಲಿ ಆಯುಷ್ಯವಿಡೀ ಭೌತಶಾಸ್ತ್ರ ಕಲಿಸಿದ ನಾನು ನನ್ನದನ್ನು ಎಲ್ಲಿಟ್ಟಿದ್ದೆನೆಂದು ನಿಮಗೆ ಮಾತ್ರ ಹೇಳುತ್ತೇನೆ.

ನಮ್ಮ ಓಣಿಗೆ ಹೊಸ ಮೊಬೈಲ್ ಟವರ್ ಬರುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ಆಕ್ಷನ್ ಕಮಿಟಿ ಹುಟ್ಟಿತು. ನಮ್ಮಲ್ಲಿ ಚರಂಡಿ ಕಟ್ಟಿದರೂ ಕಮಿಟಿ, ಕಟ್ಟದಿದ್ದರೂ ಕಮಿಟಿ. ಅಧ್ಯಕ್ಷರು ಪಕ್ಕದ ಮನೆಯ ಶೀನಣ್ಣ. "ಮಾಸ್ಟ್ರೇ, ಅದ್ರಿಂದ ಮಿಲಿಮೀಟರ್ ತರಂಗ ಬರ್ತದಂತೆ. ಮಂಡೆಯೊಳಗೆ ಹೋದ್ರೆ ಎಂತ ಮಾಡುದು?" ಎಂದು ಸಭೆಯಲ್ಲಿ ಕೇಳಿದರು. ನಾನು ಬಿಡುತ್ತೇನೆಯೇ? ಅರ್ಧ ಗಂಟೆ ಕೊರೆದೆ. ಆ ತರಂಗ ಬಟ್ಟೆಯನ್ನು ದಾಟೀತು, ಚರ್ಮ ದಾಟಿ ಒಳಗಿಳಿಯಲಾರದು. ಮಿತಿಯೊಳಗಿದ್ದರೆ ಚರ್ಮ ಬಿಸಿಯಾದದ್ದೂ ತಿಳಿಯದು. ಇದಕ್ಕೆ ಹೆದರುವವರು ವಿಜ್ಞಾನ ಓದಿದವರೇ ಅಲ್ಲ ಎಂದೆ. ಶೀನಣ್ಣ ತಲೆಯಾಡಿಸಿದರು. ಸಹಿ ಸಂಗ್ರಹವನ್ನು ಮಾತ್ರ ನಿಲ್ಲಿಸಲಿಲ್ಲ.

ಮನೆಗೆ ಬಂದರೆ, ನನ್ನ ಹೆಂಡತಿ ಅಗಲ್ಪಾಡಿಯ ದೇವಸ್ಥಾನದಿಂದ ಒಂದು ಬೆಳ್ಳಿಯ ತಾಯಿತ ತರಿಸಿಟ್ಟಿದ್ದಳು. "ಆ ಟವರಿನ ತರಂಗಕ್ಕೆ, ಎಂತಕ್ಕೂ ಇರ್ಲಿ. ಅಂಗಿಯ ಒಳಗೆ ಯಾರಿಗೆ ಕಾಣ್ತದೆ?" ಎಂದಳು. ನಾನು ನಕ್ಕೆ. ಆದರೆ ಅವಳು ಅದನ್ನು ನನ್ನ ಉಡಿದಾರಕ್ಕೆ ಕಟ್ಟುವಾಗ ಸೊಂಟ ಸರಿಸಲಿಲ್ಲ. ಮನೆಯ ಶಾಂತಿಗಾಗಿ ಎನ್ನಬಹುದಿತ್ತು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಪುಕುಪುಕು.

ಮೊನ್ನೆ ಕೊಲ್ಲಿ ದೇಶದಲ್ಲಿರುವ ತಂಗಿಯ ಮನೆಗೆ ಹೋಗಿ ಮರಳುವಾಗ, ಮಗನನ್ನು ನೋಡಲು ಅದೇ ಊರಿಗೆ ಬಂದಿದ್ದ ಶೀನಣ್ಣನಿಗೂ ಅದೇ ವಿಮಾನ. ತಪಾಸಣೆಯ ಸಾಲಿನ ಕೊನೆಗೆ ಗಾಜಿನ ಗೂಡೊಂದಿತ್ತು. "ಇದೆಂತ ಮಾಸ್ಟ್ರೇ?" ಎಂದರು. "ಮೈ ತಪಾಸಣೆಯ ಸ್ಕ್ಯಾನರ್. ನಿಮ್ಮ ಮಿಲಿಮೀಟರ್ ತರಂಗವೇ ಇದ್ರಲ್ಲಿ ಇರುದು. ನಾನು ಹೇಗೆ ಹೋಗ್ತೇನೆ ನೋಡಿ" ಎಂದು ಒಳಹೊಕ್ಕು, ಎರಡೂ ಕೈ ಎತ್ತಿ ಧೀರನಾಗಿ ನಿಂತೆ.

ಯಂತ್ರ ಸುಮ್ಮನಿರಬೇಕೇ! ಪರದೆಯಲ್ಲಿದ್ದ ಮನುಷ್ಯಾಕೃತಿಯ ಸೊಂಟದ ಮೇಲೆ ಹಳದಿ ಚೌಕ ಮೂಡಿತು. ಸಭೆಯಲ್ಲಿ ನಾನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ತರಂಗ ಬಟ್ಟೆ ದಾಟಿತ್ತು, ಚರ್ಮ ದಾಟಿರಲಿಲ್ಲ. ನಡುವೆ ಇದ್ದದ್ದು ತಾಯಿತ. ಅಲ್ಲಿದ್ದ ಮಲಯಾಳಿ ಸಿಬ್ಬಂದಿ ಅಂಗಿ ಎತ್ತಿಸಿ, ಇದೇನೆಂದು ಕೇಳಿದ. ರಕ್ಷೆ ಎಂದೆ. ಯಾವುದರಿಂದ ರಕ್ಷೆ ಎಂದ. ಸುಳ್ಳು ಹೊಳೆಯಲಿಲ್ಲ. ಆ ಗಾಜಿನ ಗೂಡನ್ನೇ ತೋರಿಸಿದೆ.

ಸಾಲಿನಲ್ಲಿ ಹಿಂದೆಯೇ ಇದ್ದ ಶೀನಣ್ಣ ಎಲ್ಲವನ್ನೂ ನೋಡಿದ್ದರು; ವಿಮಾನದಲ್ಲಿ ನನ್ನ ಪಕ್ಕದಲ್ಲೇ ಬಂದು ಕೂತರು. ಇಷ್ಟು ವರ್ಷದ ಮಾನ ಹೋಯಿತೆಂದು ನಾಚಿಕೆಯಿಂದ ಕಿಟಕಿಯತ್ತ ತಿರುಗಿ ಕೂತೆ. ಬೆಲ್ಟು ಬಿಗಿದುಕೊಂಡು ಅವರು ಮೆಲ್ಲನೆ ಕೇಳಿದರು: "ಮಾಸ್ಟ್ರೇ, ನೀವೇ ಕಟ್ಟಿದ್ದೀರಿ ಅಂದ್ರೆ ಅದ್ರಲ್ಲಿ ಎಂತದೋ ಉಂಟು. ನಂಗೂ ಒಂದು ಸಿಗ್ತದಾ?"

ಅರ್ಧ ಗಂಟೆಯ ಭೌತಶಾಸ್ತ್ರಕ್ಕೆ ಬಗ್ಗದವರು ನನ್ನ ಉಡಿದಾರವನ್ನು ನಂಬಿಬಿಟ್ಟಿದ್ದರು. ಉತ್ತರ ಗೊತ್ತಿದ್ದೂ ಹೇಳದಿರುವುದು ಮಾಸ್ಟ್ರಾದವನಿಗೆ ಸಲ್ಲ. ಅಗಲ್ಪಾಡಿಯ ವಿಳಾಸ ಬರೆದುಕೊಟ್ಟೆ, ಬಸ್ಸಿನ ಸಮಯವನ್ನೂ ಸೇರಿಸಿ.