ವೃತ್ತಿ ಗುರುತನ್ನು ಮೂವತ್ತು ದಿನಗಳೊಳಗೆ ಬೆಳೆಸಿಕೊಳ್ಳುವ ಕುರಿತು

ಸಂಖ್ಯೆ: ಭಾಬೋ/ಗುರುತು/17/ತಿದ್ದುಪಡಿಯ ತಿದ್ದುಪಡಿ

ವಿಷಯ: ಇಂಗ್ಲಿಷ್ ಶಿಕ್ಷಕರು ತಾವು ಇಂಗ್ಲಿಷ್ ಶಿಕ್ಷಕರೆಂದು ಸ್ವತಃ ನಂಬುವ ಬಗ್ಗೆ.

ಉಲ್ಲೇಖ: (1) ನಮೂನೆ-7. (2) ಅದಕ್ಕೆ ಬಾರದ ಉತ್ತರ. (3) ಕೊನೆಗೂ ಬಂದ ಉತ್ತರ.

ಪ್ರಸ್ತಾವನೆ:

ಬಾಲಕಿಯರ ಪ್ರೌಢಶಾಲೆಯೊಂದರಲ್ಲಿ ಹನ್ನೊಂದು ವರ್ಷ ಹೊಲಿಗೆ ಕಲಿಸಿದ ಶಿಕ್ಷಕಿಯೊಬ್ಬರ ಬಳಿ ಇಂಗ್ಲಿಷ್ ಪದವಿಯೊಂದು ಉಪಯೋಗವಿಲ್ಲದೆ ಬಿದ್ದಿರುವುದನ್ನು ಗಮನಿಸಿ, ವರ್ಷಾರಂಭದಲ್ಲಿ ಅವರನ್ನು ಇಂಗ್ಲಿಷ್ ಶಿಕ್ಷಕಿಯನ್ನಾಗಿ ಮಾಡಲಾಯಿತು. ಆದೇಶ ಒಂದೇ ದಿನದಲ್ಲಿ ತಲುಪಿತು, ಗುರುತು ತಲುಪಲಿಲ್ಲ. ಬೀದಿಯವರೆಲ್ಲ "ಹೊಲಿಗೆ ಟೀಚರ್" ಎಂದೇ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು. "ಇಂಗ್ಲಿಷ್ ಟೀಚರ್ ಆಗಿದ್ದಾಳಂತೆ, ನನ್ ದಿಂಬಿನ ಹೊಲಿಗೆ ಬಿಚ್ಚಿ ತಿಂಗಳಾಯ್ತು" ಎಂದು ಅವರ ಅತ್ತೆಯವರು ನೆರೆಯವರಲ್ಲಿ ಹೇಳಿಕೊಂಡಿರುವುದೂ ಕಡತದಲ್ಲಿದೆ.

ಮೂವತ್ತು ದಿನಗಳೊಳಗೆ ತುಂಬಿ ಕೊಡಬೇಕಿದ್ದ ನಮೂನೆ-7ರ "ನೀವು ಯಾರು?" ಎಂಬ ಕಾಲಂ ಮೂರು ತಿಂಗಳು ಖಾಲಿ ಉಳಿಯಿತು. ಬರೆದು ಅಳಿಸಿದ ಅಕ್ಷರಗಳು ಕಾಗದದ ಹಿಂಬದಿಯಲ್ಲಿ ಬೆರಳಿಗೆ ಸಿಗುತ್ತವೆ (ಸವರಿ ನೋಡಲಾಗಿದೆ). ಅವರನ್ನು ಹೊಲಿಗೆ ಕೋಣೆಗೆ ಮರಳಿಸುವ ಪ್ರಸ್ತಾವವನ್ನು ಸಿದ್ಧಪಡಿಸಿ, ತಪಾಸಣಾಧಿಕಾರಿಗಳೊಬ್ಬರನ್ನು ಕಳುಹಿಸಲಾಯಿತು.

ಅಧಿಕಾರಿಗಳು ಕೊನೆಯ ಬೆಂಚಿನಲ್ಲಿ ಕುಳಿತಿರಲು, ಶಿಕ್ಷಕಿಯು ಹಲಗೆಯ ಮೇಲೆ 'ನೈಫ್' ಪದವನ್ನು ಇಂಗ್ಲಿಷಿನಲ್ಲಿ ಬರೆದರು. ಸೀಮೆಸುಣ್ಣ ಎರಡು ಬಾರಿ ಮುರಿಯಿತು. ಮುಂದಿನ ಸಾಲಿನ ವಿದ್ಯಾರ್ಥಿನಿ ಎದ್ದು, "ಟೀಚರ್, ಮುಂದೆ ಕೆ ಯಾಕೆ? ಓದೋದೇ ಇಲ್ವಲ್ಲ, ಸುಮ್ನೆ ನಿಂತಿದೆ" ಎಂದಳು. (ಸುಮ್ಮನೆ ನಿಂತಿರುವವರ ಬಗ್ಗೆ ಇಲಾಖೆಗೆ ಯಾವ ಆಕ್ಷೇಪವೂ ಇಲ್ಲ.) ಇದಕ್ಕೆ "ಅದು ರೂಲ್ಸು, ಕೂತ್ಕೋ" ಎಂಬ ಅನುಮೋದಿತ ಉತ್ತರವಿದ್ದಾಗ್ಯೂ, ಶಿಕ್ಷಕಿಯು ಅಧಿಕಾರಿಗಳತ್ತ ಒಮ್ಮೆ ನೋಡಿ, "ನಂಗೂ ಗೊತ್ತಿಲ್ಲ ಕಣೆ. ನಿಘಂಟು ತಗೊಂಬಾ, ಹುಡುಕೋಣ" ಎಂದರು.

ಒಂದು ಕಾಲದಲ್ಲಿ ಜನ ಆ ಕೆಯನ್ನು ಉಚ್ಚರಿಸುತ್ತಿದ್ದರೆಂದು ದೊಡ್ಡ ನಿಘಂಟಿನಲ್ಲಿ ಕಂಡುಬಂತು. ಗಂಟೆ ಹೊಡೆಯುವವರೆಗೂ ಇಡೀ ತರಗತಿ "ಕ್ನೈಫ್, ಕ್ನೀ, ಕ್ನಾಟ್" ಎಂದು ಕೂಗಿತು. ಅಧಿಕಾರಿಗಳ ತುಟಿಯೂ ಅಲ್ಲಾಡಿತೆಂದು ಮುಖ್ಯೋಪಾಧ್ಯಾಯಿನಿ ಲಿಖಿತವಾಗಿ ತಿಳಿಸಿದ್ದಾರೆ.

ವಿವರಣೆ ಕೇಳಲಾಗಿ, ಶಿಕ್ಷಕಿಯು ಅದೇ ನಮೂನೆ-7ರಲ್ಲಿ ಹೀಗೆ ಬರೆದು ಕಳುಹಿಸಿದರು: "ತಪ್ಪು ಹೊಲಿಗೆ ಬಿಚ್ಚೋಕೆ ನಾಚ್ಕೋಬೇಡಿ ಅಂತ ಹನ್ನೊಂದು ವರ್ಷ ಮಕ್ಕಳಿಗೆ ಹೇಳ್ದೆ. ಇಂಗ್ಲಿಷಿಗೆ ಬಂದ್ಮೇಲೆ ನಾನೇ ನಾಚ್ಕೋತಾ ಕೂತಿದ್ದೆ. ಆವತ್ತು ಗೊತ್ತಿಲ್ಲ ಅಂದ್ನಲ್ಲ, ಭಯ ಹೋಯ್ತು. ನಾನು ಇಂಗ್ಲಿಷ್ ಟೀಚರ್."

ಈ ಉತ್ತರ ಮೂರು ಸಾಲಿನ ಮಿತಿಯನ್ನು ಮೀರಿರುವುದರಿಂದ, ಮುಂದೆ ಇಂಥವು ಮರುಕಳಿಸದಂತೆ ಈ ಕೆಳಕಂಡಂತೆ ವಿಧಿಸಲಾಗಿದೆ:

1. ವೃತ್ತಿ ಗುರುತನ್ನು ಕಚೇರಿ ವೇಳೆಯಲ್ಲಿ ಮಾತ್ರ ಬೆಳೆಸತಕ್ಕದ್ದು. ಮನೆಗೆ ಒಯ್ದು ಅತ್ತೆ, ನಾದಿನಿಯರ ಮೇಲೆ ಪ್ರಯೋಗಿಸತಕ್ಕದ್ದಲ್ಲ.

2. "ಗೊತ್ತಿಲ್ಲ" ಎನ್ನಬಯಸುವವರು ಏನು ಗೊತ್ತಿಲ್ಲವೆಂಬುದನ್ನು ಮೂರು ದಿನ ಮುಂಚಿತವಾಗಿ ತಿಳಿದುಕೊಂಡು ಅನುಮತಿ ಪಡೆಯತಕ್ಕದ್ದು.

3. ವ್ಯಾಕರಣದ ತಪ್ಪುಗಳು ವಾರಕ್ಕೆ ಎರಡು. ಮಾಡದೆ ಉಳಿದವನ್ನು ಮುಂದಿನ ವಾರಕ್ಕೆ ಸೇರಿಸಿಕೊಳ್ಳಲಾಗದು, ಸಹೋದ್ಯೋಗಿಗೆ ಬಿಟ್ಟುಕೊಡಬಹುದು.

4. ಗುರುತು ಇನ್ನೂ ಬಾರದವರು ಪಕ್ಕದ ಶಾಲೆಯಿಂದ ಎರವಲು ಪಡೆಯಬಹುದು. ಒಗೆದು ಹಿಂದಿರುಗಿಸತಕ್ಕದ್ದು.

5. ಇಂಗ್ಲಿಷಿನಲ್ಲಿ ಕನಸು ಬಿದ್ದಲ್ಲಿ ಕನ್ನಡ ಅನುವಾದವನ್ನು ದ್ವಿಪ್ರತಿಯಲ್ಲಿ ಸಲ್ಲಿಸತಕ್ಕದ್ದು. ಕನಸಿನಲ್ಲಿ ತಪಾಸಣಾಧಿಕಾರಿಗಳು ಬಂದಿದ್ದರೆ ಅವರ ಪ್ರಯಾಣಭತ್ಯೆಗೆ ಅದು ಆಧಾರವಾಗದು.

6. ಸದರಿ ಶಿಕ್ಷಕಿಯನ್ನು ಮರಳಿಸುವ ಪ್ರಸ್ತಾವವನ್ನು ಕೈಬಿಡಲಾಗಿದೆ. ಮೂವತ್ತಾರು ಹೆಸರುಗಳಿರುವ ಅವರ ತರಗತಿಯಲ್ಲಿ ಗುರುವಾರಗಳಂದು ನಲವತ್ತೊಂದು ತಲೆಗಳು (ಕೊನೆಯ ಬೆಂಚಿನದೊಂದು ನರೆತದ್ದು) ಎಣಿಕೆಗೆ ಸಿಗುತ್ತಿದ್ದು, ಶಿಕ್ಷಕಿಯನ್ನು ಅಲ್ಲಿಂದ ಎತ್ತಿದರೆ ಹೆಚ್ಚುವರಿ ಐವರನ್ನು ಯಾವ ಕಡತಕ್ಕೆ ಸೇರಿಸಬೇಕೆಂಬುದು ತೀರ್ಮಾನವಾಗಿಲ್ಲ.

7. ವಿದ್ಯಾರ್ಥಿನಿಯರು ಅವರನ್ನು ಈಗ "ಹುಡುಕೋಣ ಮಿಸ್ಸು" ಎಂದು ಕರೆಯುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಈ ಪದನಾಮ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಇಲ್ಲ. ಕೂಗಿದ ಕೂಡಲೇ ಅವರು ನಗುತ್ತಾ ತಿರುಗಿ ನೋಡುತ್ತಿರುವುದರಿಂದ, ಮುಂದಿನ ಆದೇಶದವರೆಗೆ ಇದನ್ನೇ ಗುರುತೆಂದು ಪರಿಗಣಿಸಲಾಗಿದೆ.

(ಸಹಿ ಇದೆ, ಓದಲಾಗದು)
ಪ್ರಭಾರ ಅಧಿಕಾರಿ, ಗುರುತು ವಿಭಾಗ
(ಮೂಲ ಹುದ್ದೆ: ಉಗ್ರಾಣ ಪಾಲಕ)

ಪ್ರತಿಗಳು:

1. ಮುಖ್ಯೋಪಾಧ್ಯಾಯಿನಿಯವರಿಗೆ, ಐದು ಹೆಚ್ಚುವರಿ ಕುರ್ಚಿಗಳಿಗೆ ಬೇಡಿಕೆ ಸಲ್ಲಿಸಲು.

2. ಶಿಕ್ಷಕಿಯ ಅತ್ತೆಯವರಿಗೆ, ಸೂಜಿ ದಾರದೊಂದಿಗೆ.

3. ತಪಾಸಣಾಧಿಕಾರಿಗಳ ಪತ್ನಿಯವರಿಗೆ, ಪ್ರತಿ ಗುರುವಾರ "ತಪಾಸಣೆ ಇದೆ" ಎಂದು ನೋಟ್‌ಬುಕ್ ಹಿಡಿದು ಯಜಮಾನರು ಹೋಗುವುದು ಎಲ್ಲಿಗೆಂಬ ಮಾಹಿತಿಗಾಗಿ.

4. ಕಚೇರಿ ಪ್ರತಿ.